ನಾಲ್ಕು ಗದ್ದೆಗೆ ನಾಲ್ಕು ತೂಬು

ಅಕ್ಕನ ಮನೆಯ ಗ್ಯಾರೇಜಿನಲ್ಲಿ ಬೆಳಿಗ್ಗೆ ಏಳಕ್ಕೇ ದೀಪ ಉರಿಯುತ್ತಿತ್ತು. ಇಂಗ್ಲೆಂಡಿನ ಸ್ವಿಂಡನ್ ಊರು, ಅಕ್ಟೋಬರ್ ತಿಂಗಳು. ಹೊರಗೆ ಇನ್ನೂ ಬೆಳಕು ಹರಿದಿರಲಿಲ್ಲ. ಕೆಂಪು ಹೋಂಡಾ ಸಿವಿಕ್ ಟೈಪ್ ಆರ್ ಬಾನೆಟ್ ಎತ್ತಿಕೊಂಡು ನಿಂತಿತ್ತು. ಎಂಜಿನ್ನಿನ ಮುಂದೆ, ರೇಡಿಯೇಟರಿನ ಕಡೆಗೆ ಮುಖ ಮಾಡಿ, ಸಾಲಾಗಿ ನಾಲ್ಕು ತೂತು. ನಾಲ್ಕಕ್ಕೂ ಬಿಳಿ ಬಟ್ಟೆಯ ಉಂಡೆ ತುರುಕಿತ್ತು. ಒಂದರ ಅಂಚಿನಲ್ಲಿ ಹಸಿರು ಜರಿ ಕಂಡಾಗ ಗೊತ್ತಾಯಿತು, ಅದು ಭಾವನ ಹಳೆಯ ಪಂಚೆ.

“ಮಾಮ, ನೀವೂ ಎಣಿಸಿಟ್ಕೊಳ್ಳಿ. ನಾಲ್ಕು ತುರುಕಿದೀನಿ. ಸಂಜೆ ಹೊತ್ಗೆ ನಾಲ್ಕೂ ಆಚೆ ಬರ್ಬೇಕು,” ಎಂದ ಅಕ್ಕನ ಮಗ.

ಅವನ ಎಚ್ಚರಿಕೆಗೆ ಕಾರಣವಿತ್ತು. ಒಂದು ನಟ್ಟೋ ವಾಷರೋ ಆ ತೂತಿಗೆ ಜಾರಿದರೆ ಸೀದಾ ವಾಲ್ವಿನ ಬೆನ್ನಿಗೆ ಹೋಗಿ ಕೂರುತ್ತದೆ. ವಾಲ್ವು ತೆರೆದಿದ್ದರೆ ಪಿಸ್ಟನ್ನಿನ ನೆತ್ತಿಗೇ ಬೀಳುತ್ತದೆ. ಗಮನಿಸದೆ ಕೀಲಿ ತಿರುಗಿಸಿದರೆ ಎಂಜಿನ್ನಿನ ಕಥೆ ಅಲ್ಲಿಗೆ ಮುಗಿಯಿತು.

ಈ ಕಾರು ಹುಟ್ಟಿದ್ದು ಇಲ್ಲಿಂದ ಕೂಗಳತೆಯಲ್ಲಿ ಎನ್ನಬಹುದಾದಷ್ಟು ಹತ್ತಿರದ ಸೌತ್ ಮಾರ್ಸ್ಟನ್ನಿನ ಹೋಂಡಾ ಕಾರ್ಖಾನೆಯಲ್ಲಿ. ಬಲ್ಲವರು ಇದನ್ನು ಇಪಿ3 ಎನ್ನುತ್ತಾರೆ. 2001ರಿಂದ 2005ರವರೆಗೆ ತಯಾರಾದ ಗಾಡಿ. ಜಪಾನಿನ ಕಂಪನಿ ಜಪಾನಿನ ಗಿರಾಕಿಗಳಿಗೆ ಬೇಕಾದ ಇದೇ ಮಾದರಿಯನ್ನೂ ಇಲ್ಲೇ ಜೋಡಿಸಿ ಹಡಗು ಹತ್ತಿಸುತ್ತಿತ್ತು. ಭಾವ ಆ ಕಾರ್ಖಾನೆಯಲ್ಲಿ, ಜೋಡಣೆ ಮುಗಿಸಿ ಬಂದ ಕಾರುಗಳನ್ನು ತಪಾಸಣೆ ಮಾಡುವ ವಿಭಾಗದಲ್ಲಿ ಇದ್ದವರು. 2021ರ ಜುಲೈನಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಅದರ ಮಾತು ಬಂದರೆ ಅವರು ಈಗಲೂ ಎದ್ದು ಅಡುಗೆಮನೆ ಕಡೆ ಹೋಗಿಬಿಡುತ್ತಾರೆ. ಮಗ ಈ ಹಳೆಯ ಕಾರನ್ನು ಕೊಂಡು ತಂದ ದಿನ ಮಾತ್ರ ಏನೂ ಹೇಳದೆ ಅದರ ನಾಲ್ಕು ಬಾಗಿಲಂಚಿನ ಸಂದುಗಳ ಮೇಲೆ ಬೆರಳಾಡಿಸಿ ನೋಡಿದರಂತೆ. ಬಾಗಿಲು ಎರಡೇ ಇರುವ ಕಾರು ಅದು. ಉಳಿದೆರಡು ಬಾನೆಟ್ಟಿನದು, ಹಿಂದಿನ ಮುಚ್ಚಳದ್ದು.

ನೋಡುವುದಕ್ಕೆ ಸಂತೆಗೆ ಹೋಗಿ ಬರುವ ಸಂಸಾರದ ಗಾಡಿ, ಒಳಗೆ ಮಾತ್ರ ಓಟದ ಎಂಜಿನ್. ಇಂಥ ಕಾರಿಗೆ ಇಲ್ಲಿಯವರು ‘ಹಾಟ್ ಹ್ಯಾಚ್’ ಅನ್ನುತ್ತಾರೆ. ಫೋಕ್ಸ್‌ವ್ಯಾಗನ್ ಕಂಪನಿ 1976ರಲ್ಲಿ 110 ಅಶ್ವಶಕ್ತಿಯ ಗಾಲ್ಫ್ ಜಿಟಿಐ ಮಾರಾಟಕ್ಕೆ ತಂದ ಮೇಲೆ ಈ ಜಾತಿಗೆ ಗಿರಾಕಿ ಕುದುರಿತು. 1984ರ ಪ್ಯೂಜೋ 205 ಜಿಟಿಐ ಅದನ್ನು ಹುಚ್ಚು ಹಿಡಿಸುವ ಮಟ್ಟಕ್ಕೆ ಒಯ್ದಿತು. ಟೈಪ್ ಆರ್ ಬರುವ ಹೊತ್ತಿಗೆ ಎರಡು ಲೀಟರಿನ ಎಂಜಿನ್ ಟರ್ಬೋ ಇಲ್ಲದೆ 200 ಅಶ್ವಶಕ್ತಿ ಕೊಡುತ್ತಿತ್ತು, ಅದೂ ನಿಮಿಷಕ್ಕೆ 7,400 ಸುತ್ತಿನ ವೇಗದಲ್ಲಿ. ಸಿಲಿಂಡರಿನ ಅಗಲ 86 ಮಿಲಿಮೀಟರ್, ಪಿಸ್ಟನ್ ಏರಿ ಇಳಿಯುವ ದೂರವೂ 86. ಆ ಚೌಕ ಅಳತೆಯ ಎಂಜಿನ್ನು ಎಂಟು ಸಾವಿರದವರೆಗೂ ಬೇಸರವಿಲ್ಲದೆ ಏರುತ್ತದೆ. ಹುಡುಗ ಹೋದ ವರ್ಷವೇ ಕ್ಯಾಮ್‌ಶಾಫ್ಟ್, ವಾಲ್ವ್ ಸ್ಪ್ರಿಂಗ್, ಹೊಗೆಕೊಳವೆಗಳನ್ನು ಬದಲಿಸಿದ್ದ. ಈಗ ಉಳಿದಿದ್ದು ಉಸಿರಿನ ದಾರಿ.

ಬಿಚ್ಚಿಟ್ಟ ಹಳೆಯ ಇನ್‌ಟೇಕ್ ಮ್ಯಾನಿಫೋಲ್ಡ್ ಬೆಂಚಿನ ಮೇಲೆ ಬಿದ್ದಿತ್ತು. ಬಾಗಿದ ನಾಲ್ಕು ಕೊಳವೆ, ನಾಲ್ಕೂ ಹೋಗಿ ಸೇರುವ ಒಂದು ಪೆಟ್ಟಿಗೆ, ಪೆಟ್ಟಿಗೆಯ ಒಂದು ತುದಿಗೆ ಒಂದೇ ಬಾಯಿ. ಆ ಬಾಯಿಗೆ ಅಡ್ಡಲಾಗಿ ತಿರುಗುವ ಹಿತ್ತಾಳೆ ಬಣ್ಣದ ದುಂಡು ಬಿಲ್ಲೆ. ಆಕ್ಸಿಲರೇಟರ್ ತುಳಿದರೆ ತಿರುಗುವುದು ಅದೇ ಬಿಲ್ಲೆ. ನಮ್ಮ ಕಡೆಯ ಕೆರೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ತೂಬು, ಅದರ ಕೆಳಗೆ ಒಂದು ತೊಟ್ಟಿ, ತೊಟ್ಟಿಯಿಂದ ನಾಲ್ಕು ಗದ್ದೆಗೆ ಕಾಲುವೆ. ತೂಬು ಎತ್ತಿದ ತಕ್ಷಣ ಗದ್ದೆಗೆ ನೀರು ಬರುವುದಿಲ್ಲ. ಮೊದಲು ತೊಟ್ಟಿ ತುಂಬಬೇಕು. ಒಂದು ಗದ್ದೆ ಎಳೆದುಕೊಂಡರೆ ಪಕ್ಕದ ಕಾಲುವೆಯ ಮಟ್ಟ ತುಸು ಇಳಿಯುತ್ತದೆ. ಕಾರ್ಖಾನೆಯವರಿಗೆ ಈ ತೊಟ್ಟಿ ಬೇಕು, ಏಕೆಂದರೆ ಅದು ಎಲ್ಲವನ್ನೂ ಸಮಾಧಾನಪಡಿಸುತ್ತದೆ: ಟ್ರಾಫಿಕ್ಕಿನಲ್ಲಿ ಎಂಜಿನ್ ನಡುಗುವುದಿಲ್ಲ, ಬ್ರೇಕಿಗೆ ನಿರ್ವಾತ ಸಿಗುತ್ತದೆ, ಹೊಗೆ ಅಳತೆಯೊಳಗೆ ಇರುತ್ತದೆ, ಸದ್ದು ಅಡಗುತ್ತದೆ.

ಹುಡುಗ ತೊಟ್ಟಿಯನ್ನೇ ತೆಗೆದುಹಾಕಿ ಒಂದೊಂದು ಗದ್ದೆಗೂ ಅದರದೇ ತೂಬು ಕೂರಿಸಲು ಹೊರಟಿದ್ದ. ಸಿಲಿಂಡರಿಗೊಂದು ಥ್ರಾಟಲ್ ಬಾಡಿ.

ಇದು ಹೊಸ ಉಪಾಯವಲ್ಲ. ಇಟಲಿಯ ಬೊಲೋನ್ಯದಲ್ಲಿ ಎದೊಆರ್ದೊ ವೆಬರ್ ಕಟ್ಟಿದ ಕಂಪನಿಯ ಜೋಡಿ ಬಾಯಿಯ ಕಾರ್ಬುರೇಟರುಗಳು ದಶಕಗಳ ಹಿಂದೆಯೇ ಓಟದ ಕಾರುಗಳಲ್ಲಿ ಈ ಕೆಲಸ ಮಾಡುತ್ತಿದ್ದವು. ಇವತ್ತಿಗೂ ಬಹಳಷ್ಟು ಥ್ರಾಟಲ್ ಬಾಡಿಗಳ ಬೋಲ್ಟಿನ ತೂತುಗಳು ಆ ವೆಬರ್ ಅಳತೆಗೇ ಇರುತ್ತವೆ. ಬಿಎಂಡಬ್ಲ್ಯು ಮೊದಲ ಎಂ3 ಕಾರಿಗೆ ಕಾರ್ಖಾನೆಯಿಂದಲೇ ನಾಲ್ಕು ಥ್ರಾಟಲ್ ಕೊಟ್ಟಿತ್ತು. ಟೊಯೋಟಾ 1991ರಲ್ಲಿ ಸಿಲಿಂಡರಿಗೆ ಐದು ವಾಲ್ವಿನ 1.6 ಲೀಟರ್ ಎಂಜಿನ್ನಿಗೆ ಕೊಟ್ಟಿತು. ನಿಸಾನಿನ ಪಲ್ಸರ್ ಜಿಟಿಐ-ಆರ್‌ನಲ್ಲಂತೂ ಟರ್ಬೋ ಜೊತೆಗೆ ನಾಲ್ಕು ಥ್ರಾಟಲ್ ಇದ್ದವು. ಆದರೂ ಸಾಮಾನ್ಯರ ಕಾರಿಗೆ ಇದು ದುಬಾರಿ. ಆದ್ದರಿಂದ ಇಂಗ್ಲೆಂಡಿನ ಇಂಥ ಮನೆ ಗ್ಯಾರೇಜುಗಳಲ್ಲಿ, ಇಂಥ ಹುಡುಗರ ಕೈಯಲ್ಲಿ, ಒಂದೊಂದೇ ಕಾರಿಗೆ ಇದು ನಡೆಯುತ್ತದೆ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ರಸ್ತೆಯ ಗಾಡಿಯ ಮೂಲ ಸ್ವರೂಪ ಬದಲಿಸಲು ಬಿಡುವುದಿಲ್ಲ. ಬೆಂಗಳೂರಿನಲ್ಲಿ ಓಟದ ಕಾರಿನ ಹೊರತು ಇದನ್ನು ನೋಡುವ ಅವಕಾಶ ನನಗೆ ಸಿಕ್ಕಿರಲಿಲ್ಲ. ಇಲ್ಲಿ ವಿಮೆಯವರಿಗೆ ತಿಳಿಸಿ, ವರ್ಷಕ್ಕೊಮ್ಮೆ ಹೊಗೆ ತಪಾಸಣೆ ದಾಟಿದರೆ ಸಾಕು. ಆ ತಪಾಸಣೆಯೂ ಸುಲಭವಲ್ಲ. ಸುಮ್ಮನೆ ನಿಂತು ಓಡುವಾಗ ಕಾರ್ಬನ್ ಮಾನಾಕ್ಸೈಡ್ ಶೇ. 0.3 ದಾಟುವಂತಿಲ್ಲ. ಅದಕ್ಕೇ ಹುಡುಗ ಕ್ಯಾಟಲಿಟಿಕ್ ಕನ್ವರ್ಟರ್ ಅನ್ನು ಮುಟ್ಟಿರಲಿಲ್ಲ.

ಹೊಸ ಸಾಮಾನು ಪೆಟ್ಟಿಗೆಯಿಂದ ಹೊರಬಂತು. ಎರಡೆರಡು ಬಾಯಿಯ ಎರಡು ತುಂಡು, ಅಲ್ಯುಮಿನಿಯಂ, ಲೇತಿನ ಗೆರೆಗಳು ಇನ್ನೂ ಹೊಳೆಯುತ್ತಿದ್ದವು. ಒಂದೊಂದು ಬಾಯಿಯ ಅಗಲ 45 ಮಿಲಿಮೀಟರ್. ಹಳೆಯ ಒಂಟಿ ಬಾಯಿ 62. ಕಾಗದದ ಮೇಲೆ ಲೆಕ್ಕ ಹಾಕಿದೆ: ಹಳೆಯದರ ಬಾಯಗಲ 30 ಚದರ ಸೆಂಟಿಮೀಟರ್, ಹೊಸ ನಾಲ್ಕರದ್ದು ಸೇರಿ ಸುಮಾರು 64. ಎರಡರಷ್ಟಕ್ಕೂ ಹೆಚ್ಚು. ಇಷ್ಟಾಗಿಯೂ ಲಾಭ ಅಗಲದಲ್ಲಿ ಮಾತ್ರ ಇಲ್ಲ. ಬಿಲ್ಲೆಯಿಂದ ವಾಲ್ವಿಗೆ ಇರುವ ದೂರ ಮೊದಲು ಒಂದು ಮೊಳಕ್ಕಿಂತ ಹೆಚ್ಚಿತ್ತು, ನಡುವೆ ಆ ಪೆಟ್ಟಿಗೆ ಬೇರೆ. ಈಗ ಒಂದು ಗೇಣು. ಕಾಲಿನ ಮಾತು ಎಂಜಿನ್ನಿಗೆ ತಲುಪುವ ದಾರಿ ಅಷ್ಟು ಹತ್ತಿರವಾಯಿತು. ಇಷ್ಟು ದುಡ್ಡಿಗೆ ಟರ್ಬೋ ಹಾಕಿಸಿದರೆ ಇನ್ನೂ ಎಷ್ಟೋ ಹೆಚ್ಚು ಅಶ್ವಶಕ್ತಿ ಸಿಗುತ್ತಿತ್ತು. ಈ ಹತ್ತಿರ ಸಿಗುತ್ತಿರಲಿಲ್ಲ. ಹುಡುಗ ಆರಿಸಿಕೊಂಡದ್ದು ಸರಿ ಎಂದೇ ನನಗೆ ಅನಿಸುತ್ತದೆ.

ಮೊದಲ ಎರಡು ಗಂಟೆ ಒಂದು ಬೋಲ್ಟೂ ಬಿಗಿಯಾಗಲಿಲ್ಲ. ಸಿಲಿಂಡರ್ ಹೆಡ್ಡಿನ ಮೈಗೆ ಅಂಟಿದ್ದ ಹಳೆಯ ಗ್ಯಾಸ್ಕೆಟ್ಟನ್ನು ಪ್ಲಾಸ್ಟಿಕ್ ಚೂರಿಯಿಂದ ಕೆರೆದ. ಕಬ್ಬಿಣದ ಚೂರಿ ಅಲ್ಯುಮಿನಿಯಮ್ಮಿಗೆ ಗೀರು ಬೀಳಿಸುತ್ತದೆ. ಹೊಸ ಮ್ಯಾನಿಫೋಲ್ಡಿನ ಮೈಮೇಲೆ ನೇರಪಟ್ಟಿ ಇಟ್ಟು ದೀಪ ಹಿಡಿದು, ಕೆಳಗೆ ಬೆಳಕು ನುಸುಳುತ್ತದೆಯೇ ಎಂದು ನೋಡಿದ. ಕೂದಲೆಳೆಯ ಸಂದಿದ್ದರೂ ಗಾಳಿ ಅಲ್ಲಿಂದ ಒಳನುಗ್ಗುತ್ತದೆ, ಬಿಲ್ಲೆಯ ಅಪ್ಪಣೆಯಿಲ್ಲದೆ. ಅಡಿಕೆ ಮಂಡಿಯಲ್ಲಿ ತಕ್ಕಡಿಯ ಮುಳ್ಳು ನೋಡುವವನ ಹಾಗೆ ಅವನ ಕಣ್ಣು ಕಿರಿದಾಗಿತ್ತು.

ಆಮೇಲೆ ಕೆಲಸ ಓಡಿತು. ಮ್ಯಾನಿಫೋಲ್ಡ್, ಅದರ ಮೇಲೆ ರಬ್ಬರಿನ ಓ-ರಿಂಗು, ಅದರ ಮೇಲೆ ಥ್ರಾಟಲ್ ಬಾಡಿ. ಎರಡು ತುಂಡುಗಳ ನಡುವೆ ಕೊಂಡಿ. ಇಂಜೆಕ್ಟರುಗಳಿಗೆ ಹೊಸ ಪೆಟ್ರೋಲ್ ಕೊಳವೆ. ಕೀಲಿ ಅರ್ಧ ತಿರುಗಿಸಿ ಪಂಪು ಓಡಿಸಿ, ಕೂಡುಗಳೆಲ್ಲ ಒಣಗಿವೆಯೇ ಎಂದು ಬೆರಳಲ್ಲಿ ಮುಟ್ಟಿ, ಮೂಸಿ ನೋಡಿದ್ದಾಯಿತು. ಬಿಲ್ಲೆ ಎಷ್ಟು ತೆರೆದಿದೆ ಎಂದು ಕಂಪ್ಯೂಟರಿಗೆ ತಿಳಿಸುವ ಸೆನ್ಸರ್ ಕೂತಿತು.

ಬ್ರೇಕಿನ ವಿಷಯದಲ್ಲಿ ಮಾತ್ರ ಅವನು ಬಹಳ ಹೊತ್ತು ನಿಂತ. ಬ್ರೇಕ್ ಪೆಡಲಿಗೆ ಬಲ ತುಂಬುವ ಬೂಸ್ಟರ್ ನಡೆಯುವುದು ಎಂಜಿನ್ನಿನ ನಿರ್ವಾತದಿಂದ. ಪೆಟ್ಟಿಗೆ ಇದ್ದಾಗ ಅಲ್ಲಿ ಸ್ಥಿರವಾದ ನಿರ್ವಾತ ಸಿಗುತ್ತಿತ್ತು. ಈಗ ನಾಲ್ಕು ಬಿಡಿ ಕೊಳವೆ; ಒಂದೊಂದರಲ್ಲೂ ನಿರ್ವಾತ ಬಡಿತದ ಹಾಗೆ ಬಂದು ಹೋಗುತ್ತದೆ. ಒಂದೇ ಕೊಳವೆಯಿಂದ ಬ್ರೇಕಿಗೆ ಎಳೆದುಕೊಂಡರೆ ಪೆಡಲು ಗಟ್ಟಿಯಾಗುತ್ತದೆ, ಆ ಸಿಲಿಂಡರಿನ ಲೆಕ್ಕವೂ ತಪ್ಪುತ್ತದೆ. ಹುಡುಗ ನಾಲ್ಕರಿಂದಲೂ ಸಣ್ಣ ಹೋಸ್ ಎಳೆದು ಒಂದು ಪುಟ್ಟ ಡಬ್ಬಿಗೆ ಕೂಡಿಸಿ, ಅಲ್ಲಿಂದ ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವಿನ ಮೂಲಕ ಬೂಸ್ಟರಿಗೆ ಕೊಟ್ಟ. ಹೋಸ್ ಒಂದೊಂದನ್ನೂ ಕ್ಲಿಪ್ ಹಾಕಿದ ಮೇಲೆ ಎಳೆದು ನೋಡಿದ, ಮತ್ತೆ ಎಳೆದು ನೋಡಿದ.

ಕೊನೆಗೆ ಕಹಳೆಗಳು. ಗಾಳಿ ಒಳಬರುವ ಬಾಯಿಗೆ ಕೂರಿಸುವ, ಅಂಚು ಹೊರಕ್ಕೆ ಮಡಿಚಿದ ಕೊಳವೆಗಳು. ಇಂಗ್ಲಿಷರೂ ಟ್ರಂಪೆಟ್ ಎಂದೇ ಕರೆಯುತ್ತಾರೆ. ಬೆಂಚಿನ ಮೇಲೆ ಮೂರು ಉದ್ದದವು ಇದ್ದವು. ಇವುಗಳ ಉದ್ದದಲ್ಲಿ ಒಂದು ಸೊಗಸಾದ ಭೌತವಿಜ್ಞಾನವಿದೆ. ವಾಲ್ವು ತೆರೆದು ಪಿಸ್ಟನ್ ಗಾಳಿ ಎಳೆದಾಗ ಒತ್ತಡ ತಗ್ಗಿದ ಒಂದು ಅಲೆ ಕೊಳವೆಯಲ್ಲಿ ಹೊರಮುಖವಾಗಿ ಓಡುತ್ತದೆ. ಕಹಳೆಯ ಬಾಯಿ ತಲುಪಿ ಅದು ತಿರುಗಿ ಬರುವಾಗ ಒತ್ತಡ ಏರಿದ ಅಲೆಯಾಗಿರುತ್ತದೆ. ವಾಲ್ವು ಮುಚ್ಚುವ ತುಸು ಮೊದಲು ಅದು ಬಂದು ಮುಟ್ಟಿದರೆ, ಬಾಗಿಲು ಹಾಕುವ ಮುನ್ನ ಇನ್ನೊಂದಿಷ್ಟು ಗಾಳಿಯನ್ನು ಒಳಕ್ಕೆ ದಬ್ಬುತ್ತದೆ. ವಾಲ್ವಿನಿಂದ ಕಹಳೆಯ ತುದಿಗೆ 35 ಸೆಂಟಿಮೀಟರ್ ಎಂದುಕೊಂಡರೆ ಹೋಗಿ ಬರಲು ಶಬ್ದದ ವೇಗದಲ್ಲಿ ಸುಮಾರು ಎರಡು ಮಿಲಿಸೆಕೆಂಡು. ಎಂಟು ಸಾವಿರ ಸುತ್ತಿನಲ್ಲಿ ಅಷ್ಟರೊಳಗೆ ಕ್ರ್ಯಾಂಕು ಕಾಲು ಸುತ್ತಿಗಿಂತ ಹೆಚ್ಚು ತಿರುಗಿರುತ್ತದೆ. ಕಹಳೆ ಉದ್ದವಾದರೆ ಅಲೆ ತಡವಾಗಿ ಬರುತ್ತದೆ, ಕೆಳಗಿನ ವೇಗಕ್ಕೆ ಹೊಂದುತ್ತದೆ. ಗಿಡ್ಡವಾದರೆ ಮೇಲಿನ ವೇಗಕ್ಕೆ. ಕೊಳಲಿನ ತೂತು ಮುಚ್ಚಿ ತೆರೆದಾಗ ಸ್ವರ ಬದಲಾಗುವುದೂ ಗಾಳಿಯ ಕಂಬದ ಉದ್ದದಿಂದಲೇ ಅಲ್ಲವೇ. ಹುಡುಗ ನಡುವಣ ಉದ್ದದ್ದನ್ನು ಆರಿಸಿದ. ಅತಿ ಉದ್ದದ್ದಕ್ಕೆ ಜಾಗವೂ ಇರಲಿಲ್ಲ, ಎದುರಿಗೇ ರೇಡಿಯೇಟರ್. ಅದರ ಬಿಸಿ ಗಾಳಿಯನ್ನೇ ಕುಡಿಯದಂತೆ ನಡುವೆ ಒಂದು ತಗಡಿನ ಮರೆ ಕಟ್ಟಿ, ಬಂಪರಿನ ಕೆಳಗಿನಿಂದ ತಣ್ಣನೆ ಗಾಳಿ ತರುವ ಕೊಳವೆ ಹಾಯಿಸಿದ. ಧೂಳು ತಡೆಯಲು ಸ್ಪಂಜಿನ ಫಿಲ್ಟರು.

ನಾಲ್ಕು ಬಟ್ಟೆ ಹೊರಬಂದದ್ದನ್ನು ನಾನು ಗಟ್ಟಿಯಾಗಿ ಎಣಿಸಿದ್ದೆ. ಸಂಜೆ ನಾಲ್ಕರ ಹೊತ್ತಿಗೆ ಕೀಲಿ ತಿರುಗಿತು.

ಎಂಜಿನ್ ಕೆಮ್ಮಿತು, ಹತ್ತಿತು, ಆದರೆ ನಿಲ್ಲಲಾರದೆ ತೂಗಾಡಿತು. ನಾಲ್ಕು ಜನ ಒಂದೇ ಪಲ್ಲಕ್ಕಿ ಹೊತ್ತು ನಾಲ್ಕು ಬಗೆಯ ಹೆಜ್ಜೆ ಹಾಕಿದಂತೆ. ಇದು ನಿರೀಕ್ಷಿತವೇ. ನಾಲ್ಕು ಬಿಲ್ಲೆಗಳೂ ಒಂದೇ ಅಳತೆಗೆ ತೆರೆಯಬೇಕು. ಎಂಜಿನ್ ಸುಮ್ಮನೆ ಓಡುವಾಗ ಅವು ತೆರೆದಿರುವುದು ಕಾಗದದ ದಪ್ಪದಷ್ಟು. ಅಲ್ಲಿ ಒಂದಕ್ಕೂ ಇನ್ನೊಂದಕ್ಕೂ ಕೂದಲಿನಷ್ಟು ವ್ಯತ್ಯಾಸವಾದರೂ ಗಾಳಿಯ ಲೆಕ್ಕ ಏರುಪೇರು. ಹುಡುಗ ಗಡಿಯಾರದಂಥ ಮುಳ್ಳಿರುವ ಸಿಂಕ್ರೋಮೀಟರನ್ನು ಕಹಳೆಗಳ ಬಾಯಿಗೆ ಒಂದೊಂದಾಗಿ ಒತ್ತಿದ. ಗಂಟೆಗೆ ಎಷ್ಟು ಕಿಲೋ ಗಾಳಿ ಒಳಹೋಗುತ್ತಿದೆ ಎಂದು ಅದು ಹೇಳುತ್ತದೆ. ಒಂದು ಆರೂವರೆ, ಇನ್ನೊಂದು ನಾಲ್ಕು, ಮತ್ತೆರಡು ಐದರ ಆಸುಪಾಸು. ಕೊಂಡಿಯ ಸ್ಕ್ರೂ ಎಂಟನೇ ಒಂದು ಸುತ್ತು ತಿರುಗಿಸು, ಮತ್ತೆ ಅಳೆ. ಒಂದನ್ನು ತಿದ್ದಿದರೆ ಎಂಜಿನ್ನಿನ ವೇಗ ಬದಲಾಗಿ ಉಳಿದ ಮೂರರ ಲೆಕ್ಕವೂ ಅಲುಗುತ್ತದೆ. ಮುಕ್ಕಾಲು ಗಂಟೆಯ ಮೇಲೆ ನಾಲ್ಕರಲ್ಲೂ ಮುಳ್ಳು ಐದಕ್ಕೆ ನಿಂತಿತು.

ಎಂಜಿನ್ ಮಾತ್ರ ಇನ್ನೂ ಕುಂಟುತ್ತಿತ್ತು.

“ಮೀಟರ್ ಪ್ರಕಾರ ಎಲ್ಲಾ ಸರಿ ಇದೆ ಮಾಮ,” ಎಂದ. ದನಿಯಲ್ಲಿ ಸುಸ್ತಿತ್ತು.

ನಾನು ಕಾರಿನ ಹಿಂದಕ್ಕೆ ಹೋದೆ. ಯಾಕೆ ಹೋದೆ ಎಂದು ಹೇಳಬೇಕಾದರೆ ಬೆಂಗಳೂರಿನ ವಿಲ್ಸನ್ ಗಾರ್ಡನ್ನಿಗೆ ಹೋಗಬೇಕು. ಕಾಲೇಜಿನ ದಿನಗಳಲ್ಲಿ ನನ್ನ ಗೆಳೆಯನ ಬಳಿ ರಾಜ್‌ದೂತ್ 350 ಇತ್ತು. ಯಮಾಹಾ ಆರ್‌ಡಿ 350ಯನ್ನೇ ಎಸ್ಕಾರ್ಟ್ಸ್ ಕಂಪನಿ ನಮ್ಮಲ್ಲಿ ತಯಾರಿಸುತ್ತಿದ್ದ ಗಾಡಿ. ಎರಡು ಸಿಲಿಂಡರ್, ಎರಡಕ್ಕೂ ಬೇರೆ ಬೇರೆ ಕಾರ್ಬುರೇಟರ್. ಅವೆರಡು ಹೊಂದದಿದ್ದರೆ ಗಾಡಿ ಕುಂಟೆತ್ತು. ಅದನ್ನು ಹೊಂದಿಸುತ್ತಿದ್ದ ಮೇಸ್ತ್ರಿಯ ಬಳಿ ಮೀಟರ್ ಇರಲಿಲ್ಲ. ಗಾಡಿಯ ಹಿಂದೆ ಕುಕ್ಕರುಗಾಲಲ್ಲಿ ಕೂತು, ಎರಡು ಸೈಲೆನ್ಸರುಗಳ ಬಾಯಿಗೆ ಎರಡು ಅಂಗೈ ಹಿಡಿದು ಕಣ್ಣು ಮುಚ್ಚುತ್ತಿದ್ದರು. ಬಲಗೈಗೆ ಬೀಳುವ ಪೆಟ್ಟೂ ಎಡಗೈಗೆ ಬೀಳುವ ಪೆಟ್ಟೂ ಒಂದೇ ತೂಕಕ್ಕೆ ಬರುವವರೆಗೆ ಗೆಳೆಯ ಕೇಬಲಿನ ನಟ್ಟು ತಿರುಗಿಸುತ್ತಿರಬೇಕು. “ಸಾಕು, ಈಗ ಇಬ್ರೂ ಒಟ್ಗೆ ಎಳೀತವ್ರೆ,” ಎನ್ನುತ್ತಿದ್ದರು. ಅವರ ಮಾತಿನಲ್ಲಿ ಸಿಲಿಂಡರುಗಳು ಯಾವಾಗಲೂ ಮನುಷ್ಯರೇ.

ಸಿವಿಕ್ಕಿನ ಸೈಲೆನ್ಸರಿಗೆ ಅಂಗೈ ಹಿಡಿದೆ. ಇಲ್ಲಿ ಒಂದೇ ಬಾಯಿ, ನಡುವೆ ಕ್ಯಾಟಲಿಟಿಕ್ ಕನ್ವರ್ಟರ್ ಬೇರೆ, ಪೆಟ್ಟು ಮೆತ್ತಗಾಗಿತ್ತು. ಆದರೂ ತಿಳಿಯಿತು. ಮೂರು ಉಸಿರು ಬೆಚ್ಚಗೆ ತಾಗುತ್ತಿತ್ತು, ನಾಲ್ಕನೆಯದರ ಜಾಗದಲ್ಲಿ ಒಂದು ಕುಳಿ. ಮತ್ತೆ ಮೂರು, ಮತ್ತೆ ಕುಳಿ.

“ಒಬ್ಬ ಎಳೀತಿಲ್ವೋ,” ಎಂದೆ.

ಅವನು ಬಂದು ತಾನೂ ಕೈ ಹಿಡಿದ. ಒಂದು ನಿಮಿಷ ಸುಮ್ಮನಿದ್ದ. ಆಮೇಲೆ ಮುಂದೆ ಹೋಗಿ ಇಂಜೆಕ್ಟರುಗಳ ವೈರು ಒಂದೊಂದೇ ಕಿತ್ತು ನೋಡಿದ. ಒಂದನೆಯದು ಕಿತ್ತರೆ ಎಂಜಿನ್ ತತ್ತರಿಸಿತು, ಎರಡನೆಯದಕ್ಕೂ ಹಾಗೆಯೇ. ಮೂರನೆಯದು ಕಿತ್ತಾಗ ಏನೂ ಬದಲಾಗಲಿಲ್ಲ. ಕೆಲಸ ಮಾಡದವನು ಎದ್ದು ಹೋದರೆ ಯಾರಿಗೆ ತಿಳಿದೀತು? ಬೆಂಕಿ ನಂದಿಸುವ ಸಿಲಿಂಡರನ್ನು ಪಕ್ಕಕ್ಕೆಳೆದುಕೊಂಡು, ಕಾರ್ಬ್ ಕ್ಲೀನರ್ ಡಬ್ಬಿಯಿಂದ ಮೂರನೆಯದರ ಬುಡಕ್ಕೆ ಹನಿಯಷ್ಟು ಚಿಮುಕಿಸಿದ. ಎಂಜಿನ್ ಒಮ್ಮೆಲೇ ನೆಟ್ಟಗಾಯಿತು, ಎರಡು ಸೆಕೆಂಡು ನಾಲ್ಕೂ ಒಂದಾಗಿ ಓಡಿ ಮತ್ತೆ ಕುಂಟಿತು.

ಬಿಚ್ಚಿದಾಗ ಸಿಕ್ಕಿತು. ಓ-ರಿಂಗು ತನ್ನ ಕಾಲುವೆಯಿಂದ ಜಾರಿ ಎರಡು ಲೋಹದ ನಡುವೆ ಅಮುಕಿಹೋಗಿತ್ತು. ಮೀಟರು ಸುಳ್ಳು ಹೇಳಿರಲಿಲ್ಲ. ಅದು ಅಳೆದದ್ದು ಬಾಯಿಂದ ಹೋಗುವ ಗಾಳಿಯನ್ನು. ಕಳ್ಳದಾರಿಯಲ್ಲಿ ನುಗ್ಗುತ್ತಿದ್ದುದು ಅದರ ಕಣ್ಣಿಗೆ ಬೀಳುವಂತಿರಲಿಲ್ಲ. ಪೆಟ್ರೋಲ್ ಐದು ಕಿಲೋ ಗಾಳಿಗೆ ಬೀಳುತ್ತಿದ್ದರೆ ಒಳಗೆ ಸೇರುತ್ತಿದ್ದ ಗಾಳಿ ಅದಕ್ಕಿಂತ ಹೆಚ್ಚು, ಮಿಶ್ರಣ ತೆಳುವಾಗಿ ಉರಿಯುತ್ತಲೇ ಇರಲಿಲ್ಲ.

ಹೊಸ ರಿಂಗಿಗೆ ತೆಳ್ಳಗೆ ಗ್ರೀಸ್ ಸವರಿ ಕೂರಿಸಿ, ಮತ್ತೆ ಅಳೆದು ಮುಗಿಸುವಾಗ ಎಂಟು ಗಂಟೆ. ಅಕ್ಕ ಕಾಫಿ ತಂದು ಬಾಗಿಲಲ್ಲಿ ನಿಂತಳು. ಕಾರಿನ ಗಂಧಗಾಳಿ ಇಲ್ಲದವಳು.

“ಈಗೇನೋ ಒಂದೇ ಗಾಡಿ ಇದ್ದ ಹಾಗೆ ಕೇಳಿಸ್ತಿದೆ ಕಣ್ರೋ. ಆಗಿಂದ ನಾಲ್ಕು ಗಾಡಿ ನಿಲ್ಲಿಸ್ಕೊಂಡಿದೀರೇನೋ ಅನ್ನೋ ಹಾಗಿತ್ತು,” ಎಂದಳು.

ಮರುವಾರ ರೋಲಿಂಗ್ ರೋಡಿಗೆ ಕಾರು ಹೋಯಿತು. ಚಕ್ರಗಳು ಉರುಳೆಗಳ ಮೇಲೆ ತಿರುಗುತ್ತವೆ, ಕಾರು ನಿಂತಲ್ಲೇ ಓಡುತ್ತದೆ. ಕಂಪ್ಯೂಟರಿಗೆ ಪೆಟ್ರೋಲಿನ ಲೆಕ್ಕವನ್ನು ಮೊದಲಿಂದ ಕಲಿಸಬೇಕು. ಹೋಂಡಾದ ಮೂಲ ಕಂಪ್ಯೂಟರು ಮ್ಯಾನಿಫೋಲ್ಡಿನ ಒತ್ತಡ ನೋಡಿ ಗಾಳಿ ಎಷ್ಟೆಂದು ತಿಳಿಯುತ್ತಿತ್ತು. ನಾಲ್ಕು ಥ್ರಾಟಲಿನಲ್ಲಿ ಬಿಲ್ಲೆ ತುಸು ತೆರೆದರೆ ಸಾಕು, ಒತ್ತಡ ಹೊರಗಿನ ಗಾಳಿಯ ಮಟ್ಟಕ್ಕೆ ಬಂದುಬಿಡುತ್ತದೆ. ಅಲ್ಲಿಂದ ಮುಂದೆ ಆ ಸೆನ್ಸರಿಗೆ ಹೇಳಲು ಏನೂ ಉಳಿಯುವುದಿಲ್ಲ. ಆದ್ದರಿಂದ ಬಿಲ್ಲೆಯ ಕೋನ ಮತ್ತು ಎಂಜಿನ್ನಿನ ವೇಗ, ಇವೆರಡರ ಮೇಲೆ ಕೋಷ್ಟಕ ಕಟ್ಟಬೇಕು. ಕೋಷ್ಟಕದ ಒಂದೊಂದು ಮನೆಯಲ್ಲೂ ಎಂಜಿನ್ನನ್ನು ಹಿಡಿದು ನಿಲ್ಲಿಸಿ, ಹೊಗೆಯ ಆಮ್ಲಜನಕ ನೋಡಿ, ಪೆಟ್ರೋಲ್ ತುಂಬು. ಜಾಣತನ ಬೇಕಾದದ್ದು ಕೋಷ್ಟಕದ ಮೊದಲ ಸಾಲುಗಳಲ್ಲಿ, ಪೆಡಲ್ ಬೆರಳಿನಷ್ಟು ಒತ್ತಿದ ಜಾಗದಲ್ಲಿ. ಕಾರು ಸಂತೆಗೆ ಹೋಗಿ ಬರಬಲ್ಲದೋ ಇಲ್ಲವೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ರೋಲಿಂಗ್ ರೋಡಿನ ಮೇಸ್ತ್ರಿ ಅರ್ಧ ದಿನವನ್ನು ಅದಕ್ಕೇ ಕೊಟ್ಟ. ಕೊನೆಯಲ್ಲಿ ಬಂದ ಅಶ್ವಶಕ್ತಿಯ ಗೆರೆಯ ತುದಿ ಹಳೆಯದಕ್ಕಿಂತ ಮೇಲಿತ್ತು, ಊಹಿಸಿದಷ್ಟೇನೂ ಅಲ್ಲ; ಆದರೆ 5,800 ಸುತ್ತಿನಲ್ಲಿ ಎಂಜಿನ್ ತಾನಾಗಿ ವೇಗದ ಕ್ಯಾಮಿಗೆ ಬದಲಾಗುವ ಮುಂಚೆ ಇದ್ದ ತಗ್ಗು ತುಂಬಿಕೊಂಡಿತ್ತು.

ಮರಳುವಾಗ ಭಾವನೂ ಬಂದಿದ್ದರು. ಮುಂದಿನ ಸೀಟಿನಲ್ಲಿ ಅವರು, ಹಿಂದೆ ಮೊಣಕಾಲು ಮಡಿಚಿಕೊಂಡು ನಾನು. ಸೌತ್ ಮಾರ್ಸ್ಟನ್ನಿನ ಪಕ್ಕದ ರಸ್ತೆ. ಕಾರ್ಖಾನೆ ಇದ್ದ ಕಡೆ ಈಗ ದೊಡ್ಡ ದೊಡ್ಡ ಗೋದಾಮು. ಭಾವ ಆ ಕಡೆ ನೋಡಲಿಲ್ಲ. ಮುಂದೆ ರಸ್ತೆ ಖಾಲಿ, ಎರಡೂ ಬದಿ ಬೇಲಿ, ಬೇಲಿಯಾಚೆ ಕುರಿ. ಹುಡುಗ ಮೂರರಿಂದ ಎರಡಕ್ಕೆ ಇಳಿಸಿ ಪೆಡಲ್ ಒತ್ತಿದ.

ಸದ್ದು ಹಿಂದಿನಿಂದ ಬರಲಿಲ್ಲ, ಮುಂದಿನಿಂದ ಬಂತು. ಸೈಲೆನ್ಸರಿನ ಗುಡುಗಲ್ಲ ಅದು. ನಾಲ್ಕು ಕಹಳೆ ಒಳಕ್ಕೆ ಊದಿಕೊಂಡರೆ ಹೇಗೋ ಹಾಗೆ, ಗಾಳಿಯನ್ನು ಸೀಳಿ ನುಂಗುವ ಸದ್ದು. ಪೆಡಲಿಗೂ ಅದಕ್ಕೂ ನಡುವೆ ಒಂದು ರೆಪ್ಪೆ ಬಡಿತದ ಬಿಡುವೂ ಇರಲಿಲ್ಲ. ಕಾಲು ಎತ್ತಿದ, ಅದೂ ನಿಂತಿತು. ಒತ್ತಿದ, ಆಗಲೇ ಅಲ್ಲಿತ್ತು. ಐದು ಸಾವಿರದಾಚೆ ಕ್ಯಾಮ್ ಬದಲಾದಾಗ ಸ್ವರ ಒಂದು ಮೆಟ್ಟಿಲು ಹತ್ತಿತು.

ಅವನು ಮೂರಕ್ಕೆ ಹಾಕಿ ವೇಗ ಇಳಿಸಿದ. ಭಾವ ಕಿಟಕಿಯ ಗಾಜು ಪೂರ್ತಿ ಇಳಿಸಿ, ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿ ಕೂತರು, ಒಳಗಿನ ಅದುರು ಕೈಗೆ ಸಿಗುವ ಹಾಗೆ.

“ಇನ್ನೊಂದ್ಸಲ ಎರಡಕ್ಕೆ ಹಾಕೋ,” ಎಂದರು.